ಸಂತೆಯ ತರಕಾರಿ: ಕೊಳ್ಳುವ ಮುಂಚೆ, ಉಣ್ಣುವ ಮುಂಚೆ



ಇನ್ನಂಜೆಯ ಸುತ್ತಿನ ನಾವು ಒಂದು ಕೈಯಲ್ಲಿ ಮಾರುವವರು, ಇನ್ನೊಂದು ಕೈಯಲ್ಲಿ ಕೊಳ್ಳುವವರು. ಶಂಕರಪುರದಲ್ಲಿ ಮಲ್ಲಿಗೆ ಕೊಟ್ಟವರೇ ಸಂತೆಯಿಂದ ಅಲಸಂಡೆ, ಹರಿವೆ ಹಿಡಿದು ಮನೆಗೆ ಬರುತ್ತೇವೆ. ಆದುದರಿಂದ ಇವತ್ತಿನ ಮಾತು ಬೆಳೆಯುವವರಿಗೂ ಹೌದು, ಉಣ್ಣುವವರಿಗೂ ಹೌದು.

ನಮ್ಮ ಹತ್ತಿರದ ಮಟ್ಟುಗುಳ್ಳವನ್ನೇ ನೋಡಿ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬದನೆ ಇದು. ಸಿಪ್ಪೆ ತೆಳು, ಸಿಪ್ಪೆಸಮೇತ ಬೇಯಿಸಿ ಉಣ್ಣುತ್ತೇವೆ. ಆದರೆ ಬದನೆಗೆ ಕಾಯಿಕೊರಕ ಹುಳುವಿನ ಕಾಟ ಬಹಳ. ಇವತ್ತು ಮದ್ದು ಹೊಡೆದು ನಾಳೆಯೇ ಕೊಯ್ದರೆ ಆ ಮದ್ದು ಗುಳ್ಳದ ಹುಳಿಗೂ ಬಂದೀತು. ತೊಳೆದರೆ ಹೋಗದೇ ಎಂದು ಕೇಳಬಹುದು. ಮೇಲಿನದು ಬಹುಮಟ್ಟಿಗೆ ಹೋಗುತ್ತದೆ. ಕೆಲವು ಮದ್ದು ಗಿಡದ ಒಳಗೇ ಸೇರುತ್ತದೆ, ಅದು ತೊಳೆದರೆ ಹೋಗದು. ಅದಕ್ಕೆ ಕಾಯುವುದೊಂದೇ ದಾರಿ. ಯಾವ ಬೆಳೆಗೆ ಹೊಡೆಯಬೇಕು, ಹೊಡೆದು ಎಷ್ಟು ದಿನ ಬಿಟ್ಟು ಕೊಯ್ಯಬೇಕು ಎಂಬುದು ಮದ್ದಿನ ಜೊತೆಗಿನ ಚೀಟಿಯಲ್ಲಿರುತ್ತದೆ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಡಬ್ಬದ ಮೇಲೆ ಕೆಂಪು ತ್ರಿಕೋನವಿದ್ದರೆ ಅದು ಅತಿ ಘೋರ ವಿಷ.

ಇನ್ನೊಂದು ಮಾತು. ನಮ್ಮಲ್ಲಿ ಮಲ್ಲಿಗೆ ಗಿಡ ಅಂಗಳದಲ್ಲೇ ಇರುತ್ತದೆ, ಅದರ ಪಕ್ಕದಲ್ಲೇ ಬಸಳೆ ಚಪ್ಪರ. ಹೂವು ತಿನ್ನುವ ವಸ್ತುವಲ್ಲ, ಬಸಳೆ ತಿನ್ನುವ ವಸ್ತು. ಮಲ್ಲಿಗೆಗೆ ಹೊಡೆದ ಮದ್ದು ಗಾಳಿಗೆ ಬಸಳೆಯ ಮೇಲೆ ಬಿದ್ದರೆ ಆ ಸೊಪ್ಪನ್ನು ಮನೆಗೂ ಬಳಸಬೇಡಿ, ಸಂತೆಗೂ ಒಯ್ಯಬೇಡಿ. ಸಾಧ್ಯವಿದ್ದರೆ ಚಪ್ಪರವನ್ನು ದೂರಕ್ಕೆ ಹಾಕಿರಿ.

ಕೊಳ್ಳುವಾಗ ನಾಚಿಕೆ ಬೇಡ. "ಅಣ್ಣಾ, ಮದ್ದು ಹೊಡೆದು ಎಷ್ಟು ದಿನ ಆಯ್ತು?" ಎಂದು ಕೇಳಿ. ಬೆಳೆದವನೇ ಎದುರಿಗಿರುವ ಸಂತೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕೀತು. ಕೊಯ್ದು ತೆರೆದಿಟ್ಟು ನೊಣ ಕೂತ ಹಲಸಿನ ತೊಳೆ, ಕಲ್ಲಂಗಡಿ ಹೋಳು ಕೊಳ್ಳಬೇಡಿ. ತರಕಾರಿಯನ್ನೂ ಬಂಗುಡೆ, ಬೂತಾಯಿಯನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ಗೊಬ್ಬರದ ಖಾಲಿ ಚೀಲ ತರಕಾರಿಗೆ ಬೇಡವೇ ಬೇಡ.

ಮನೆಗೆ ಬಂದ ಮೇಲೆ ಮೊದಲು ನಿಮ್ಮ ಕೈ ತೊಳೆಯಿರಿ. ತರಕಾರಿಯನ್ನು ಹೆಚ್ಚುವ ಮುಂಚೆ, ಸುರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಹೆಚ್ಚಿದ ಮೇಲಲ್ಲ. ಸಾಬೂನು ಬೇಡ. ಸೊಪ್ಪನ್ನು ಎಲೆ ಬಿಡಿಸಿ ಎರಡು ಮೂರು ನೀರಿನಲ್ಲಿ ಜಾಲಿಸಿ. ಮೀನು ಕೊಯ್ದ ಮೆಟ್ಟುಕತ್ತಿಯನ್ನು ಸಾಬೂನು ಹಚ್ಚಿ ತೊಳೆಯದೆ ಸೌತೆಕಾಯಿ ಹೆಚ್ಚಬೇಡಿ. ಮಳೆಗಾಲದಲ್ಲಿ ಬಾವಿಗೆ ಕೊಳೆನೀರು ಇಳಿದಿದ್ದರೆ, ಹಸಿಯಾಗಿ ತಿನ್ನುವುದನ್ನು ಕುದಿಸಿ ಆರಿಸಿದ ನೀರಿನಲ್ಲೇ ತೊಳೆಯಿರಿ. ಟೈಫಾಯಿಡ್, ಕಾಮಾಲೆ ಬರುವುದು ಇಂತಹ ನೀರಿನಿಂದಲೂ ಹೌದು.

ಆಟಿಯ ಕಣಿಲೆಯನ್ನು ಹಿರಿಯರು ದಿನವೂ ನೀರು ಬದಲಿಸಿ ನೆನೆಹಾಕುತ್ತಿದ್ದುದು ಸುಮ್ಮನೆ ಅಲ್ಲ, ಹಸಿ ಕಣಿಲೆಯಲ್ಲಿ ವಿಷವಿದೆ. ಆ ಪದ್ಧತಿಯನ್ನು ಬಿಡಬೇಡಿ, ಬೇಯಿಸಿಯೇ ಉಣ್ಣಿರಿ. ಗುರುತಿಲ್ಲದ ಕಾಡು ಅಣಬೆಯನ್ನು ಕೊಳ್ಳಲೇಬೇಡಿ.

ಬೆಳೆಗಾರರಲ್ಲಿ ಒಂದೇ ವಿನಂತಿ. ನಮ್ಮ ಮಕ್ಕಳ ಬಟ್ಟಲಿಗೆ ಬಡಿಸಲಾಗದ ತರಕಾರಿಯನ್ನು ಸಂತೆಯ ಬುಟ್ಟಿಗೂ ತುಂಬಿಸಬೇಡಿ.