ಚಾಲಕನ ಕಾಯಕ ಮತ್ತು ಕಳೆದುಕೊಂಡ ಲೈಸೆನ್ಸು

(ಸುಲೇಪೇಟದಲ್ಲಿ ನಡೆದ ಮಾಸಿಕ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಕಾಯಕ ಎಂದಾಗ ನಾವು ನೇಕಾರರ, ಕಮ್ಮಾರರ, ಒಕ್ಕಲಿಗರ ಹೆಸರು ಹೇಳುತ್ತೇವೆ. ಆದರೆ ಇವತ್ತು ನಮ್ಮ ಭಾಗದಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಸ್ಟಿಯರಿಂಗ್ ಹಿಡಿದ ಕೈಯಿಂದ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಲಾರಿ, ಶಹಾಬಾದ್ ಕಲ್ಲಿನ ಲೋಡು, ಸುಗ್ಗಿಯಲ್ಲಿ ತೊಗರಿ ಹೇರಿದ ಟ್ರ್ಯಾಕ್ಟರು, ಊರಿಂದ ಊರಿಗೆ ಜನರನ್ನು ಒಯ್ಯುವ ಟಂಟಂ, ಕ್ರೂಸರು. ಇವನ್ನೆಲ್ಲ ಓಡಿಸುವವರು ನಮ್ಮ ಮಕ್ಕಳು, ನಮ್ಮ ತಮ್ಮಂದಿರು. ಇವರಲ್ಲಿ ಕುಡಿದು ಓಡಿಸಿ ಸಿಕ್ಕಿಬಿದ್ದು ಲೈಸೆನ್ಸು ಕಳೆದುಕೊಂಡವರು ಏನು ಮಾಡಬೇಕು, ನಾವು ಅವರಿಗೆ ಏನು ಮಾಡಬೇಕು ಎಂಬುದೇ ಇವತ್ತಿನ ವಿಷಯ.

ಅನುಭವ ಮಂಟಪದಲ್ಲಿ ಅಂಬಿಗರ ಚೌಡಯ್ಯನವರಿದ್ದರು. ದೋಣಿ ನಡೆಸುವುದು ಅವರ ಕಾಯಕ. ದೋಣಿ ಹತ್ತಿದವರು ಅಂಬಿಗನ ಕುಲ ಕೇಳಲಿಲ್ಲ, ತಮ್ಮ ಜೀವವನ್ನೇ ಅವರ ಕೈಗೆ ಕೊಟ್ಟು ಕೂತರು. ನೇಕಾರ ಎಡವಿದರೆ ಬಟ್ಟೆ ಕೆಡುತ್ತದೆ. ಅಂಬಿಗ ಎಡವಿದರೆ ಜನ ಮುಳುಗುತ್ತಾರೆ. ಚಾಲಕನ ಕಾಯಕವೂ ಅದೇ ಜಾತಿಯದು. ಆತ ದುಡಿಯುವುದು ಮಾತ್ರವಲ್ಲ, ಬೇರೆಯವರ ಜೀವವನ್ನು ದಡ ಮುಟ್ಟಿಸುತ್ತಾನೆ. ಕುಡಿದು ಕೂತ ದಿನ ಅದು ಕಾಯಕವಾಗಿ ಉಳಿಯುವುದಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದು ಮೊದಲು ಸ್ಪಷ್ಟವಾಗಿ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯದ ಅಂಶ ಇದ್ದರೆ ಅದು ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಎರಡನೇ ಸಲ ಸಿಕ್ಕರೆ 2 ವರ್ಷದವರೆಗೆ ಜೈಲು, ಇಲ್ಲವೆ 15,000 ರೂಪಾಯಿ ದಂಡ, ಇಲ್ಲವೆ ಎರಡೂ. ದಂಡ ಕಟ್ಟಿದರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಈ ಅಪರಾಧ ಸಾಬೀತಾದರೆ ಕನಿಷ್ಠ 6 ತಿಂಗಳು ವಾಹನ ಓಡಿಸದಂತೆ ನ್ಯಾಯಾಲಯ ಅನರ್ಹಗೊಳಿಸಬೇಕು ಎಂದು ಅದೇ ಕಾಯ್ದೆಯ 20ನೇ ಕಲಂ ಹೇಳುತ್ತದೆ.

ಇದಲ್ಲದೆ ಪೊಲೀಸರು ಲೈಸೆನ್ಸನ್ನು ಆರ್‌ಟಿಓ ಕಚೇರಿಗೆ ಕಳಿಸಬಹುದು. 2019ರ ತಿದ್ದುಪಡಿಯ ನಂತರ, ಚಾಲಕನ ಮಾತನ್ನು ಕೇಳಿ, ಮೊದಲ ತಪ್ಪಿಗೆ 3 ತಿಂಗಳು ಅನರ್ಹಗೊಳಿಸುವ, ಎರಡನೆಯದಕ್ಕೆ ಲೈಸೆನ್ಸನ್ನೇ ರದ್ದು ಮಾಡುವ ಅಧಿಕಾರ ಅಲ್ಲಿನ ಅಧಿಕಾರಿಗಿದೆ. ಆ ಆದೇಶ ಸರಿಯಿಲ್ಲ ಅನ್ನಿಸಿದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಆರ್‌ಟಿಓಗೆ ಒಪ್ಪಿಸಿದ ಲೈಸೆನ್ಸು ಅವಧಿ ಮುಗಿದ ಕೂಡಲೇ ತಾನಾಗಿ ಕೈಗೆ ಬರುವುದಿಲ್ಲ, ಚಾಲಕರ ಮರುತರಬೇತಿ ಮುಗಿಸಬೇಕು. ರದ್ದಾಗಿದ್ದರಂತೂ ಹೊಸದಾಗಿ ಅರ್ಜಿ ಹಾಕಬೇಕು. ಆಗಲೂ, ಹಿಂದೆ ಲೈಸೆನ್ಸು ರದ್ದಾದವನು, ಚಟಕ್ಕೆ ಬಿದ್ದ ಕುಡುಕ ಎಂಬ ಕಾರಣ ಬರೆದು ಅಧಿಕಾರಿ ನಿರಾಕರಿಸಬಹುದು.

ಇಲ್ಲಿ ನಮ್ಮ ಊರುಗಳಲ್ಲಿ ಎರಡು ತಪ್ಪು ದಾರಿ ಕಾಣುತ್ತವೆ.

ಒಂದು, ಲೈಸೆನ್ಸು ಇಲ್ಲದೆಯೇ ಓಡಿಸುವುದು. "ಹೊಟ್ಟಿಪಾಡು ಐತ್ರಿ, ಏನ್ ಮಾಡ್ಲಿ?" ಎನ್ನುತ್ತಾರೆ. ಹಸಿವಿನ ಮಾತು ಸುಳ್ಳಲ್ಲ. ಆದರೆ ಅನರ್ಹಗೊಂಡ ಅವಧಿಯಲ್ಲಿ ಓಡಿಸಿದರೆ ಮತ್ತೆ 3 ತಿಂಗಳವರೆಗೆ ಜೈಲು, ಇಲ್ಲವೆ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಗೊತ್ತಿದ್ದೂ ಗಾಡಿ ಕೊಟ್ಟ ಮಾಲೀಕನಿಗೂ ಶಿಕ್ಷೆ ಇದೆ. ಆ ಹೊತ್ತಿನಲ್ಲಿ ಯಾರಿಗಾದರೂ ಗಾಡಿ ಬಡಿದರೆ ವಿಮೆ ಕಂಪನಿ ಪರಿಹಾರದ ರೊಕ್ಕವನ್ನು ಮಾಲೀಕನಿಂದ ವಸೂಲಿ ಮಾಡಲು ನಿಲ್ಲುತ್ತದೆ. ಆಗ ಎರಡು ಮನೆಗಳು ಬೀದಿಗೆ ಬರುತ್ತವೆ.

ಎರಡು, ವಶೀಲಿ. "ನಮ್ಮ ಹುಡುಗ" ಎಂದು ಯಾರ ಕೈಲಾದರೂ ಫೋನ್ ಮಾಡಿಸುವುದು, ಏಜೆಂಟರ ಕೈಗೆ ರೊಕ್ಕ ಕೊಡುವುದು. ಕೆಲವೊಮ್ಮೆ ಮಠದ ಹೆಸರನ್ನೂ ತರುತ್ತಾರೆ. ಇದು ಉಪಕಾರವಲ್ಲ. ಕುಡಿತ ಬಿಡದವನಿಗೆ ಬೇಗ ಲೈಸೆನ್ಸು ಕೊಡಿಸುವುದೆಂದರೆ, ಎದುರಿಂದ ಬರುವ ಯಾರದೋ ಮಗುವಿನ ಜೀವವನ್ನು ನಾವು ದಾನ ಮಾಡಿದಂತೆ. ಆ ಅಧಿಕಾರ ನಮಗೆ ಯಾರು ಕೊಟ್ಟರು?

ನನ್ನ ಮುಖ್ಯ ಮಾತು ಇದು. ಕಾನೂನು ತಾರೀಖು ಹಾಕುತ್ತದೆ. 6 ತಿಂಗಳಾಯಿತೋ, ತರಬೇತಿ ಆಯಿತೋ ಎಂದು ನೋಡುತ್ತದೆ. ಕುಡಿತ ಬಿಟ್ಟೆಯೋ ಎಂದು ಸಾಮಾನ್ಯವಾಗಿ ಪರೀಕ್ಷಿಸುವುದಿಲ್ಲ. ಜರ್ಮನಿಯಲ್ಲಿ ಅತಿಯಾಗಿ ಕುಡಿದು ಓಡಿಸಿ ಸಿಕ್ಕವರು ವೈದ್ಯರ, ಮನಶ್ಶಾಸ್ತ್ರಜ್ಞರ ಮುಂದೆ ಕೂತು, ತಾವು ಬದಲಾಗಿದ್ದೇವೆ ಎಂದು ತೋರಿಸಿದ ಮೇಲೆಯೇ ಲೈಸೆನ್ಸಿನ ಮಾತು. ನಮ್ಮಲ್ಲಿ ಆ ಪ್ರಶ್ನೆ ಕೇಳುವವರು ಯಾರು? ಮನೆಯವರು, ಊರಿನವರು, ಮಠದವರು ಕೇಳಬೇಕು. ಎಲ್ಲರಿಗಿಂತ ಮೊದಲು ಆತ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಅಲ್ಲಿ ವಶೀಲಿ ನಡೆಯುವುದಿಲ್ಲ.

ಇದು ಬೈದು ಆಗುವ ಕೆಲಸವಲ್ಲ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಊರೂರು ತಿರುಗಿದ್ದು ತಮಗೆ ಗೊತ್ತು. ಅವರು ಕಾಳು ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. "ನಿಮ್ಮ ಚಟವನ್ನು ಈ ಜೋಳಿಗೆಗೆ ಹಾಕಿ" ಎಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಅಲ್ಲಿ ಕುಡುಕನನ್ನು ಹೊರಗೆ ನಿಲ್ಲಿಸಲಿಲ್ಲ, ಅವನ ಮನೆ ಬಾಗಿಲಿಗೇ ಮಠ ಹೋಯಿತು. ಹನ್ನೆರಡನೇ ಶತಮಾನದಲ್ಲೂ ಹಾಗೆಯೇ. ಹೆಂಡ ಮಾರುತ್ತಿದ್ದ ಮಾರಯ್ಯನವರು ಶರಣರ ಸಂಗಕ್ಕೆ ಬಂದು, ಕುಡಿಯಲು ಬಂದವರಿಗೆ ಕುಡಿತದ ಕೇಡನ್ನೇ ತಿಳಿಹೇಳಿದರೆಂದು ನಮ್ಮ ಪರಂಪರೆ ನೆನೆಯುತ್ತದೆ. ಹೆಂಡದ ಮಾರಯ್ಯ ಎಂಬ ಹೆಸರನ್ನು ಮುಚ್ಚಿಡದೆ ಅವರನ್ನು ವಚನಕಾರರೆಂದು ಗೌರವಿಸಿದ ಧರ್ಮ ನಮ್ಮದು. ಬದಲಾದವನಿಗೆ ಇಲ್ಲಿ ಜಾಗ ಇದೆ.

ಆದರೆ ಒಂದು ಎಚ್ಚರ. ಆಣೆ ಹಾಕಿಸಿದ ಮಾತ್ರಕ್ಕೆ ಎಲ್ಲವೂ ಆಗುವುದಿಲ್ಲ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗುವುದು, ಫಿಟ್ಸ್ ಬರುವುದು, ಭ್ರಮೆಯಾಗುವುದು ಉಂಟು. ಜೀವಕ್ಕೂ ಅಪಾಯ ಆಗಬಹುದು. ಅದನ್ನು ದೆವ್ವ, ಗಾಳಿ ಎಂದು ತಿಳಿದು ಎಲ್ಲೆಲ್ಲೋ ಒಯ್ಯಬೇಡಿ, ವೈದ್ಯರಿಗೆ ತೋರಿಸಿ. 14416 ಎಂಬ ಟೆಲಿ ಮಾನಸ್ ನಂಬರಿಗೆ ರೊಕ್ಕವಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿತದ ಚಟ ಒಂದು ರೋಗವೂ ಹೌದು. ಔಷಧ ತೆಗೆದುಕೊಳ್ಳುವುದು ಭಕ್ತಿಗೆ ಕಡಿಮೆಯಲ್ಲ.

ಹಾಗಾದರೆ ಆ 6 ತಿಂಗಳು ಮನೆ ಹೇಗೆ ನಡೆಯಬೇಕು? ದಾಸೋಹ ಇರುವುದು ಇಂಥ ಹೊತ್ತಿಗೇ. ಗಾಡಿ ಮಾಲೀಕರು ಆತನನ್ನು ಪೂರ್ತಿ ಕೈಬಿಡದೆ ಲೋಡಿಂಗ್, ಗ್ಯಾರೇಜು, ಲೆಕ್ಕ ಬರೆಯುವ ಕೆಲಸ ಕೊಡಲಿ. ಹೊಲ ಇದ್ದವರು ಹೊಲದ ಕೆಲಸ ಕೊಡಲಿ. ಕೂಲಿಯನ್ನು ಆತನ ಹೆಂಡತಿಯ ಕೈಗೆ ಕೊಡುವುದಾದರೆ ಆತನನ್ನು ಕೇಳಿಯೇ, ಆತನ ಒಪ್ಪಿಗೆಯಿಂದಲೇ ಕೊಡಲಿ. ಮಾನ ಉಳಿದರೆ ಮನುಷ್ಯ ಉಳಿಯುತ್ತಾನೆ. ಕೂಲಿ ಜೊತೆಗೆ "ಖುಷಿಗೆ" ಎಂದು ಬಾಟ್ಲಿ ಕೊಡುವ ರೂಢಿ ನಿಲ್ಲಲಿ. ಮದುವೆ ದಿಬ್ಬಣದ ಗಾಡಿಯ ಡ್ರೈವರಿಗೆ ಕುಡಿಸಿ, ಅದೇ ಗಾಡಿಯಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕೂಡಿಸುವುದು ಯಾವ ಬುದ್ಧಿ? ಇಂಥ ಕುಟುಂಬದ ಜೊತೆ ನಿಲ್ಲಲು ಪ್ರತಿ ಊರಿನ ಶರಣ ಸಂಗಮ ಇಬ್ಬರು ಹಿರಿಯರನ್ನು ನೇಮಿಸಲಿ. ಅವರು ವಾರಕ್ಕೊಮ್ಮೆ ಹೋಗಿ ಮಾತಾಡಿಸಲಿ, ಆಸ್ಪತ್ರೆಗೆ ಜೊತೆಗೆ ಹೋಗಲಿ, ಆರ್‌ಟಿಓ ಕಚೇರಿಯ ಕಾಗದಪತ್ರಗಳಿಗೆ ನೆರವಾಗಲಿ. ವಶೀಲಿಗೆ ಮಾತ್ರ ಹೋಗಬಾರದು.

ಲೈಸೆನ್ಸು ಕಳೆದುಕೊಂಡ ತಮ್ಮಂದಿರೇ, ನಿಮಗೊಂದು ಮಾತು. ಈ ತಿಂಗಳುಗಳನ್ನು ಬರಿಯ ಶಿಕ್ಷೆ ಎಂದು ಎಣಿಸಬೇಡಿ. ದಿನಾ ಬೆಳಿಗ್ಗೆ ಆ ಒಂದು ದಿನಕ್ಕೆ ಮಾತ್ರ ಕುಡಿಯುವುದಿಲ್ಲ ಎಂದು ಸಂಕಲ್ಪ ಮಾಡಿ. ತಪ್ಪಿದರೆ ಅವತ್ತೇ ಬಂದು ಹೇಳಿ, ಮತ್ತೆ ಶುರು ಮಾಡೋಣ. ಕಾರ್ಡನ್ನು ಸರ್ಕಾರ ಮರಳಿ ಕೊಡುತ್ತದೆ. ನಿಮ್ಮ ಗಾಡಿಯಲ್ಲಿ ತಾಯಿಯೊಬ್ಬಳು ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ತಾನೂ ಕಣ್ಣು ಮುಚ್ಚುವಂತಾದರೆ, ಆಗ ನಿಮ್ಮ ಕಾಯಕ ನಿಮಗೆ ಮರಳಿ ಬಂದಂತೆ.