ನಂಬರ್ ನಮ್ಮದು, ಅಕ್ಷರವೂ ನಮ್ಮದಿರಲಿ



ಮೊಳೆ ಜೋಡಿಸಿ ಕನ್ನಡ ಅಚ್ಚು ಹಾಕಿದ ಕೈ ನನ್ನದು. ಮೊಬೈಲಿನ ಮೊಳೆ ಯಾರ ಕೈಲಿದೆ ನೋಡಿ! 2016ರ ಕೇಂದ್ರದ ಆದೇಶದಂತೆ ಫೋನಿನಲ್ಲಿ 22 ಭಾಷೆ ಓದಲು ಬರಬೇಕು. ಬರೆಯಲು? ಇಂಗ್ಲಿಷ್, ಹಿಂದಿ ಕಡ್ಡಾಯ. ಜೊತೆಗೆ ಇನ್ನೊಂದು ಭಾಷೆ ಸಾಕು. ಆ ಇನ್ನೊಂದು ಕನ್ನಡವೇ ಆಗಬೇಕೆಂದಿಲ್ಲ! ಕೊಟ್ಟೂರಿರಲಿ, ಹಡಗಲಿಯಿರಲಿ, ಅಂಗಡಿಯಲ್ಲೇ ‘ಹಗರಿಬೊಮ್ಮನಹಳ್ಳಿ’ ಎಂದು ಟೈಪು ಮಾಡಿ. ಒತ್ತಕ್ಷರ ಸರಿಯಾಗಿ ಮೂಡಿದರಷ್ಟೇ ದುಡ್ಡು ಎಣಿಸಿ.

ಸಿಮ್ ಕಂಪನಿಯವರು ಕನ್ನಡದಲ್ಲಿ ಉತ್ತರಿಸುವುದಿಲ್ಲವೇ? ಬಿಟ್ಟು ಬನ್ನಿ. 2011ರಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಅಲ್ಲಿ 90 ದಿನ ಕಳೆದಿರಬೇಕು. ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿ. ಬರುವ ಕೋಡಿಗೆ 4 ದಿನ ಆಯುಸ್ಸು. ಆದರೆ ಮೊದಲು ಹೊಸ ಕಂಪನಿಯ ಸಿಗ್ನಲ್ ಕೂಡ್ಲಿಗಿಯ, ಹರಪನಹಳ್ಳಿಯ ನಿಮ್ಮ ಮನೆಯೊಳಗೂ ಸಿಗುತ್ತದೆಯೇ ನೋಡಿಕೊಳ್ಳಿ.

ಏಕೆ ಹೊರಟಿರೆಂದು ಹಳೆಯವರು ಕೇಳಿದರೆ, ಕನ್ನಡದಲ್ಲೇ ಕಾರಣ ಹೇಳಿ.