ನೇರ ದಾರಿಯ ಕುಳಿ

ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಬೈಕುಗಳು ಇಂದಿಗೂ ರಸ್ತೆಯಲ್ಲಿವೆ. ಅಂಥದೊಂದು ಗ್ಯಾರೇಜಿಗೆ ಬಂದಾಗ ಪಳಗಿದ ಮೆಕ್ಯಾನಿಕ್ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಹ್ಯಾಂಡಲನ್ನು ಎರಡೇ ಬೆರಳಲ್ಲಿ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತಾನೆ. ನಟ್ಟನಡುವೆ ‘ಟಕ್’ ಎಂದು ಕಚ್ಚಿಕೊಂಡಿತೋ, ಕೋನ್ ಸೆಟ್, ಅಂದರೆ ಹ್ಯಾಂಡಲ್ ಸಲೀಸಾಗಿ ತಿರುಗುವಂತೆ ಮಾಡುವ ಬಟ್ಟಲು, ಕೋನ್, ಉಕ್ಕಿನ ಗೋಲಿಗಳ ಜೋಡಣೆ, ಸವೆದಿದೆ.

ನಡುವೆಯೇ ಏಕೆ? ಗಾಡಿ ಹೆಚ್ಚು ಹೊತ್ತು ಓಡುವುದು ನೇರವಾಗಿ. ಗುಂಡಿ, ಹಂಪುಗಳ ಪೆಟ್ಟೆಲ್ಲ ಗೋಲಿಗಳ ಮೂಲಕ ಅದೇ ಜಾಗಕ್ಕೆ ಬೀಳುತ್ತದೆ. ಬಿಚ್ಚಿ ನೋಡಿದರೆ, ಒಣಗಿ ಕಪ್ಪಾದ ಗ್ರೀಸಿನಡಿ, ಬಟ್ಟಲಿನ ಸುತ್ತ ಎಳ್ಳುಕಾಳಿನಂಥ ಕುಳಿಗಳ ಸಾಲು!

ಇಂಥಲ್ಲಿ ಗೋಲಿ ಮಾತ್ರ ಬದಲಿಸುವುದು ತಪ್ಪು. ಬಟ್ಟಲು, ಕೋನ್, ಗೋಲಿ ಎಲ್ಲವೂ ಹೊಸದಾಗಬೇಕು. ಬಟ್ಟಲು ಓರೆಯಾಗದಂತೆ ಸುತ್ತಲೂ ಸಮನಾಗಿ ತಟ್ಟಿ ಕೂರಿಸಬೇಕು, ಗ್ರೀಸು ಧಾರಾಳವಾಗಿ ಮೆತ್ತಬೇಕು. ನಿಜವಾದ ಕೈಚಳಕ ಇರುವುದು ನಟ್ಟಿನ ಬಿಗಿಯಲ್ಲಿ. ಸಡಿಲವಾದರೆ ಬ್ರೇಕ್ ಹಿಡಿದಾಗ ಮುಂಭಾಗ ಕುಲುಕುತ್ತದೆ. ಅತಿ ಬಿಗಿಯಾದರೆ ಗಾಡಿ ಹಾವಿನಂತೆ ಹೊಯ್ದಾಡುತ್ತದೆ. ಆಟ ಇರಬಾರದು, ಆದರೂ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಹೊರಳಬೇಕು.

ಕೇಳುಗರೇ, ಇಂದು ಕೆಲಸಕ್ಕೆ ಹೊರಡುವ ಮುನ್ನ ಗಾಡಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ, ಒಮ್ಮೆ ಹ್ಯಾಂಡಲ್ ತಿರುಗಿಸಿ ನೋಡಿ.